ದಾರಿ ಗೊತ್ತು, ತಲುಪುತ್ತೇವೆಯೇ?

ಬಸವಕಲ್ಯಾಣದವರಿಗೆ ಹುಮನಾಬಾದಿನ ದಾರಿ ತೋರಿಸಲು ನಕ್ಷೆ ಬೇಕಿಲ್ಲ. ಸಸ್ತಾಪುರ ಬಂಗ್ಲಾದ ಹತ್ತಿರ ಪುಣೆ–ಹೈದರಾಬಾದ್ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಊರು ತಾನಾಗಿ ಬರುತ್ತದೆ. ಹಾಗಿರುವಾಗ ವಿದ್ಯುತ್ ಕಾರಿನಲ್ಲಿ ಅಷ್ಟಗಲದ ಪರದೆ ಏತಕ್ಕೆ ಎಂದು ಹಿರಿಯರು ಕೇಳುವುದು ಸಹಜ. ಆದರೆ ಈ ಕಾರಿನ ಪ್ರಶ್ನೆ ‘ದಾರಿ ಯಾವುದು?’ ಎಂಬುದಲ್ಲ, ‘ಬ್ಯಾಟರಿ ಮುಗಿಯುವ ಮೊದಲು ತಲುಪುತ್ತೇವೆಯೇ?’ ಎಂಬುದು.

ಬಸವಕಲ್ಯಾಣದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿಯ ಕಣ್ಣು ತೋರಿಸಲು ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗಿ ಬರಬೇಕು. ಹೋಗಿಬರಲು ಸುಮಾರು 180 ಕಿಲೋಮೀಟರ್. ಪರದೆ 200 ಎನ್ನುತ್ತಿದೆ. ‘ಸಾಕಾಗ್ತದಲ್ಲ, ಯವ್ವಾ?’ ಎನ್ನುತ್ತಾನೆ ತಂದೆ. ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ತಲೆಯಾಡಿಸುತ್ತಾಳೆ: ‘ಅಪ್ಪಾ, ಅದು ಬರೀ ಅಂದಾಜು ಅದ. ನಿನ್ನೆ ಊರಾಗ ಸಾವಕಾಶ ಓಡಿಸಿದ ಲೆಕ್ಕ. ಹೆದ್ದಾರಿಗೆ ಆ ಲೆಕ್ಕ ನಡೆಯಂಗಿಲ್ರಿ.’

ಮಗಳ ಮಾತಿನಲ್ಲಿ ಭೌತಶಾಸ್ತ್ರವಿದೆ. ವೇಗ ಗಂಟೆಗೆ 40ರಿಂದ 80 ಕಿಲೋಮೀಟರಿಗೆ ಏರಿದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಏರು, ಹೊರೆ, ಎ.ಸಿ. ಕೂಡ ಬ್ಯಾಟರಿಯನ್ನೇ ಉಣ್ಣುತ್ತವೆ. ಮೊಬೈಲಿನ ನಕ್ಷೆಗೆ ರಸ್ತೆ ಗೊತ್ತು, ಬ್ಯಾಟರಿ ಗೊತ್ತಿಲ್ಲ. ಕಾರಿನ ಗಣಕಕ್ಕೆ ಬ್ಯಾಟರಿ ಗೊತ್ತು. ಮುಂದಿನ ಏರಿಳಿತ ತಿಳಿಯಲು ಅದಕ್ಕೂ ನಕ್ಷೆ ಬೇಕು. ಎರಡೂ ಕೂಡಿದಾಗಲೇ ‘ಕಲಬುರಗಿ ತಲುಪುವಾಗ ಇಷ್ಟು ಉಳಿಯುತ್ತದೆ’ ಎಂಬ ಉಪಯುಕ್ತ ಉತ್ತರ ದೊರೆಯುವುದು.

ಇಂಟರ್ನೆಟ್ ಹೋದರೆ ದಾರಿಯೇ ತಪ್ಪುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಾರು ಎಲ್ಲಿದೆ ಎಂದು ತಿಳಿಯಲು ಇಂಟರ್ನೆಟ್ ಬೇಕಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಬಂದು ಮುಟ್ಟುವ ಕಾಲದ ವ್ಯತ್ಯಾಸದಿಂದ ಗ್ರಾಹಕಯಂತ್ರ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. 2013ರಲ್ಲಿ ಮೊದಲ ಉಪಗ್ರಹ ಹಾರಿಸಿದ ಇಸ್ರೋ, ‘ನಾವಿಕ್’ ಎಂಬ ನಮ್ಮದೇ ವ್ಯವಸ್ಥೆ ಕಟ್ಟಿತು. 2023ರಲ್ಲಿ ಹಾರಿದ ಎನ್.ವಿ.ಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿತ್ತು. ಇಂಟರ್ನೆಟ್ ಬೇಕಾಗುವುದು ಹೊಸ ಸುದ್ದಿಗೆ: ಮುಂದೆ ರಸ್ತೆ ಬಂದಾಗಿದೆಯೇ, ಚಾರ್ಜಿಂಗ್ ಕೇಂದ್ರ ಖಾಲಿ ಇದೆಯೇ ಎಂಬುದಕ್ಕೆ.

ಸಂಪರ್ಕವನ್ನು ನಿಜವಾದ ಸಂಕಟಕ್ಕೆ ಬಳಸಿದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ್ದ ಬೆಂಗಳೂರಿನ ರೇವಾ ಕಂಪನಿ, 2009ರಲ್ಲಿ ‘ರಿವೈವ್’ ಎಂಬ ಸೌಲಭ್ಯವನ್ನು ಪ್ರಕಟಿಸಿತು. ಚಾರ್ಜ್ ಮುಗಿಯುತ್ತ ಬಂದವನು ಫೋನ್ ಮಾಡಿದರೆ ಇಲ್ಲವೆ ಸಂದೇಶ ಕಳಿಸಿದರೆ, ಕೇಂದ್ರದವರು ಬ್ಯಾಟರಿಯ ಸ್ಥಿತಿ ನೋಡಿ, ಕಾದಿರಿಸಿದ ಶಕ್ತಿಯನ್ನು ದೂರದಿಂದಲೇ ಬಿಡುಗಡೆ ಮಾಡುವ ಉಪಾಯವದು. ಆಪತ್ತಿಗೆಂದು ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡಿನ ಹಾಗೆ!

ಇನ್ನು ಆಗಬೇಕಾದ ಸುಧಾರಣೆ ಪ್ರಾಮಾಣಿಕತೆಯದು. ಪ್ರಯೋಗಶಾಲೆಯಲ್ಲಿ ಅಳತೆಯ ಜೊತೆಗೆ ದೋಷದ ಮಿತಿಯನ್ನೂ ಬರೆಯಬೇಕೆಂದು ಮಕ್ಕಳಿಗೆ ಕಲಿಸುತ್ತೇವೆ. ಕಾರಿಗೂ ಅದೇ ಪಾಠ ಸಲ್ಲಬೇಕು. ‘200’ ಎಂದು ಠೀವಿಯಿಂದ ಹೇಳುವ ಬದಲು ‘150ರಿಂದ 200’ ಎನ್ನಲಿ. ‘ಕೇಂದ್ರ ಖಾಲಿ ಇದೆ’ ಎನ್ನುವಾಗ ‘ಇದು ಒಂದು ಗಂಟೆ ಹಿಂದಿನ ಸುದ್ದಿ’ ಎಂದೂ ಸೇರಿಸಲಿ. ಇದನ್ನೆಲ್ಲ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ನುಡಿಯಲಿ.

ಪಾಲಕರು ಕಾರು ಕೊಳ್ಳುವ ಮುನ್ನ ಮಕ್ಕಳನ್ನೂ ಅಂಗಡಿಗೆ ಕರೆದೊಯ್ಯಲಿ. ಇಂಟರ್ನೆಟ್ ಆರಿಸಿ, ನಕ್ಷೆ ಉಳಿಯುತ್ತದೆಯೇ ನೋಡಿ. ದೂರದ ಊರಿನ ಹೆಸರು ಕೊಟ್ಟು, ಅಲ್ಲಿ ತಲುಪುವಾಗ ಎಷ್ಟು ಚಾರ್ಜ್ ಉಳಿಯುತ್ತದೆಂದು ಕೇಳಿ. ಉತ್ತರ ಬರದಿದ್ದರೆ ಪರದೆ ಎಷ್ಟು ಅಗಲವಿದ್ದರೇನು?