ಅಗಸಿಬಾಗಿಲ ಕೀಲಿ

ಕಾಲಿದ್ದವರು ಹಂಪೆಯನ್ನು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕೆಂಬುದು ನಮ್ಮೂರಿನ ಹೆಮ್ಮೆಯ ಗಾದೆ. ಕಿವಿಯಿದ್ದವರ ಗತಿಯೇನೆಂದು ಗಾದೆ ಕಟ್ಟಿದವರು ಹೇಳಲಿಲ್ಲ. ಅವರ ಕಾಲಕ್ಕೆ ಅಂತರ್ಜಾಲದ ಫೋನು ಬಂದಿರಲಿಲ್ಲ.

ಅಮೆರಿಕದಲ್ಲಿರುವ ತಮ್ಮ ಅವ್ವನಿಗೆಂದು ಒಂದು ಅಡಾಪ್ಟರ್ ಕಳಿಸಿದ. ಮನೆಯ ಹಳೆಯ ಫೋನನ್ನು ಅದಕ್ಕೂ, ಅದನ್ನು ರೌಟರಿಗೂ ಜೋಡಿಸಿದೆ. ಗಂಟೆ ಬಾರಿಸಿತು. ಅವ್ವನ ಮಾತು ಅವನಿಗೆ ಕೇಳಿತು. ಅವನ ಮಾತು ಇವಳಿಗಿಲ್ಲ. “ನನ್ನ ಕಿವೀನ ಹೋದುವೇನಪಾ?” ಎಂದಳು. ಎಪ್ಪತ್ತೈದು ದಾಟಿದವರು ಇಂಥದನ್ನು ಬೇಗ ನಂಬಿಬಿಡುತ್ತಾರೆ.

ದೋಷ ಕಿವಿಯದಲ್ಲ. ಕರೆಯ ಗಂಟೆ ಸಾಮಾನ್ಯವಾಗಿ 5060ನೆಯ ಪೋರ್ಟಿನದು; ಆ ದಾರಿಯನ್ನು ಅಡಾಪ್ಟರೇ ಒಳಗಿನಿಂದ ಆಗಾಗ ತಟ್ಟಿ ತೆರೆದಿಡುತ್ತದೆ. ದನಿ ಬರುವುದು ಬೇರೆ ಪೋರ್ಟುಗಳಲ್ಲಿ. ಕರೆಯದೆ ಬಂದವರನ್ನು ರೌಟರು ಒಳಗೆ ಬಿಡದು. ಕನ್ನಡ ಪಾಠ ಹೇಳುವ ನಾನು ಆ ಪೋರ್ಟುಗಳನ್ನೂ ಅಡಾಪ್ಟರಿನ ಹೆಸರಿಗೆ ಬರೆದುಕೊಟ್ಟೆ. ಆದರೂ ಮೌನ.

ರೌಟರಿನ ಹೊರವಿಳಾಸ ನೋಡಿದರೆ 100.64 ಎಂದು ಮೊದಲಾಗಿತ್ತು. ಸುಮಾರು 430 ಕೋಟಿ ಹಳೆಯ ವಿಳಾಸಗಳು ಜಗತ್ತಿಗೆ ಸಾಲದೆ, ಹಲವು ಮನೆಗಳು ಒಂದನ್ನೇ ಹಂಚಿಕೊಳ್ಳಲೆಂದು 2012ರಲ್ಲಿ ಮೀಸಲಿಟ್ಟ ಸಾಲು ಅದು. ನಮ್ಮ ಬಾಗಿಲು ತೆರೆದೇ ಇತ್ತು. ಓಣಿಗೆಲ್ಲ ಒಂದೇ ಆದ ಅಗಸಿಬಾಗಿಲ ಕೀಲಿ ನಮ್ಮಲ್ಲಿರಲಿಲ್ಲ.

ತಿಂಗಳಿಗೆ ಇಷ್ಟೆಂದು ಹೆಚ್ಚು ಹಣ ತೆತ್ತು ಸ್ವಂತ ವಿಳಾಸ ಪಡೆದೆ. ದನಿ ಬಂತು. ಅವ್ವ ಸುಮ್ಮನೆ ಕೇಳುತ್ತ ಕೂತಳು. “ಯವ್ವಾ, ಕೇಳಸ್ತದಿಲ್ಲ?” ಎಂದು ಆ ಕಡೆಯಿಂದ ತಮ್ಮನೇ ಗಾಬರಿಯಾದ.