ಕಿತ್ತಳೆ ಬಣ್ಣದ ದಾರ

ನಮ್ಮಪ್ಪನಿಗೆ ಪಿಸ್ತೂಲು ಅಂದ್ರೆ ರಾಜ್‌ಕುಮಾರ್. 1968ರಲ್ಲಿ ಬಂದ ‘ಜೇಡರ ಬಲೆ’ಯ ಸಿಐಡಿ 999 ಅವನ ಪಾಲಿಗೆ ಇವತ್ತಿಗೂ ಡ್ಯೂಟಿ ಮೇಲೇ ಇದಾನೆ. ಹಾಗಾಗಿ ಬೆಂಗಳೂರಿನ ರೇಂಜೊಂದರಲ್ಲಿ ಏರ್ ಪಿಸ್ತೂಲು ಕಲೀತಿದೀನಿ ಅಂದಾಗ ಅವ್ವ ಬೈದಳು, ಅಪ್ಪ ಮಾತ್ರ ಫೋನಲ್ಲೇ ನಕ್ಕ. “ಎಂಥದ್ಲಾ ಅದು, ಅಣ್ಣಾವ್ರ ಪಿಸ್ತೂಲ್ ಥರ ಐತಾ?”

ನಿಜ ಹೇಳಬೇಕಂದ್ರೆ ನನಗೂ ಬೇಕಿದ್ದಿದ್ದು ಅದೇ. ಆರು ತಿಂಗಳು ಕ್ಲಬ್ಬಿನ ಪಿಸ್ತೂಲಲ್ಲಿ ಹೊಡೆದ ಮೇಲೆ ಸ್ವಂತದ್ದೊಂದು ಇರಲಿ ಅನ್ನಿಸಿತು. ನೋಡೋಕೆ ಹಳೇ ಸಿನಿಮಾದಿಂದ ಇಳಿದು ಬಂದ ಹಾಗಿರಬೇಕು, ಬೆಲೆ 20,000 ದಾಟಬಾರದು.

ಮೊದಲು ಕಣ್ಣಿಗೆ ಬಿದ್ದಿದ್ದು ಕೋಲ್ಟ್ 1911ರ ಪಡಿಯಚ್ಚಿನಂತಿದ್ದ ಗ್ಯಾಸ್ ಪಿಸ್ತೂಲು. ಹಿಡಿಯೊಳಗೆ 12 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂರುತ್ತೆ, ಉಕ್ಕಿನ ಸಣ್ಣ ಗುಂಡುಗಳನ್ನು ಹಾರಿಸುತ್ತೆ. ಗತ್ತೇನೋ ಇತ್ತು. ಆದರೆ ಅದರ ನಳಿಕೆಯೊಳಗೆ ಗುಂಡನ್ನು ತಿರುಗಿಸುವ ಗೀರುಗಳೇ ಇಲ್ಲ, ಹಾಗಾಗಿ ಗುರಿ ಅಷ್ಟಕ್ಕಷ್ಟೆ. ಉಕ್ಕಿನ ಗುಂಡು ಗಟ್ಟಿ ಜಾಗಕ್ಕೆ ತಾಗಿದ್ರೆ ಪುಟಿದು ವಾಪಸ್ ಬರಬಹುದು ಅಂತ ನಮ್ಮ ರೇಂಜಿನಲ್ಲಿ ಅದಕ್ಕೆ ಪ್ರವೇಶವೂ ಇರಲಿಲ್ಲ.

ಎರಡನೆಯದು ಸ್ಪ್ರಿಂಗ್ ಪಿಸ್ತೂಲು. ನೋಡೋಕೆ ಚಂದ. 1963ರ ‘ಫ್ರಮ್ ರಷ್ಯಾ ವಿತ್ ಲವ್’ ಪೋಸ್ಟರಿಗಾಗಿ ತೆಗೆದ ಫೋಟೊದಲ್ಲಿ ಶಾನ್ ಕಾನರಿ ಕೈಯಲ್ಲಿರೋದು ವಾಲ್ಟರ್ ಎಲ್‌ಪಿ 53 ಅನ್ನೋ ಸ್ಪ್ರಿಂಗ್ ಏರ್ ಪಿಸ್ತೂಲೇ. ಬಾಂಡ್‌ನ ಅಸಲಿ ಪಿಪಿಕೆ ಅವತ್ತು ಸ್ಟುಡಿಯೊಗೆ ಬಂದಿರಲಿಲ್ಲವಂತೆ! ಆದರೆ ಇದರಲ್ಲಿ ಗುಂಡು ನಳಿಕೆ ದಾಟೋ ಮುಂಚೆಯೇ ಒಳಗಿನ ಪಿಸ್ಟನ್ ಮುಂದಕ್ಕೆ ಹಾರಿ ಕೈ ಅಲ್ಲಾಡಿಸುತ್ತೆ. ಕಲಿಯುವವನಿಗೆ ತಪ್ಪು ಕೈಯದ್ದೋ ಪಿಸ್ತೂಲಿನದ್ದೋ ಗೊತ್ತಾಗಲ್ಲ. ಸ್ಪರ್ಧೆಗಳಲ್ಲಿ ಬಳಸುವ, ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟುಕೊಳ್ಳುವ ಪಿಸ್ತೂಲಾದರೆ ಲಕ್ಷ ದಾಟುತ್ತೆ.

ಕೊನೆಗೆ ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಹಳೇ ಪಿಸ್ತೂಲನ್ನು 18,000ಕ್ಕೆ ಕೊಟ್ಟರು. ಮರದ ಹಿಡಿ, ಕಪ್ಪು ಲೋಹದ ಮೈ. ಒಂದು ಸನ್ನೆ ಎಳೆದು ಒತ್ತಿದರೆ ಒಂದು ಗುಂಡಿಗಾಗುವಷ್ಟು ಗಾಳಿ ಒಳಗೆ ಕೂರುತ್ತೆ. ಕೈ ಅಲುಗಲ್ಲ, ಗ್ಯಾಸಿನ ಖರ್ಚಿಲ್ಲ. ಕೊಡುವಾಗ ಒಂದು ಮಾತು ಹೇಳಿದ್ದರು: “ಗಾಳಿ ತುಂಬಿ ಗುಂಡು ಹಾಕಿದ ಮೇಲೆ ಅದನ್ನ ಖಾಲಿ ಮಾಡೋಕೆ ಇರೋದು ಒಂದೇ ದಾರಿ, ಹೊಡೆಯೋದು. ಹೊಡೆಯಲ್ಲ ಅಂದ್ರೆ ತುಂಬಲೇಬೇಡಿ.” ತಲೆಯಾಡಿಸಿದೆ.

ಆಮೇಲೆ ಶುರುವಾಯ್ತು ನೋಡಿ ಅಪ್‌ಗ್ರೇಡ್ ಹುಚ್ಚು. ಮೊದಲು ಪೆಲೆಟ್. ನಾಲ್ಕು ಥರದ ಚಪ್ಪಟೆ ತಲೆಯ ಸೀಸದ ಪೆಲೆಟ್ ತಂದು ಯಾವುದು ಒಂದೇ ಕಡೆ ಗುಂಪಾಗಿ ಬೀಳುತ್ತೆ ಅಂತ ಹೊಡೆದು ನೋಡಿದೆ. ಅರ್ಧ ಅಪ್‌ಗ್ರೇಡ್ ಅಲ್ಲೇ ಮುಗೀತು. ಹತ್ತು ಮೀಟರ್ ದೂರದ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ, ಅಲ್ಲಿ ಕೂದಲೆಳೆಗೂ ಲೆಕ್ಕ ಇದೆ. ಆಮೇಲೆ ಮರದ ಹಿಡಿ. ಬಡಗಿಗಳು ಬಳಸೋ ಪುಟ್ಟಿ ಮೆತ್ತಿ, ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ನನ್ನ ಅಂಗೈಗೆ ಕೂರಿಸಿದೆ. ಕೊನೇದು ಟ್ರಿಗರ್.

ಸ್ಪರ್ಧೆಯ ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಪಿಸ್ತೂಲನ್ನು ನೆಟ್ಟಗೆ ಮೇಲ್ಮುಖ ಹಿಡಿದು ಟ್ರಿಗರಿಗೆ ಅರ್ಧ ಕೆಜಿ ತೂಕ ನೇತು ಹಾಕಿ ಎತ್ತುತ್ತಾರೆ, ಅದು ಬಿಡುಗಡೆಯಾಗಬಾರದು. ನನ್ನದು ಹತ್ತಿರ ಹತ್ತಿರ ಒಂದು ಕೆಜಿ ಇತ್ತು. ಶನಿವಾರ ರಾತ್ರಿ ಅಡುಗೆಮನೆಯಲ್ಲಿ ಕೂತು ಸ್ಕ್ರೂ ತಿರುಗಿಸ್ತಾ, ಅರ್ಧ ಕೆಜಿ ಸಕ್ಕರೆ ಪೊಟ್ಟಣ ನೇತು ಹಾಕ್ತಾ, ಸರಿಯಾಗಿ ಗಡಿಗೆ ತಂದು ನಿಲ್ಲಿಸಿದೆ. ಮುಂದಿನ ವಾರ 600ಕ್ಕೆ 498 ಬರ್ತಿದ್ದ ಸ್ಕೋರು 521 ಆಯ್ತು. ಸಾಫ್ಟ್‌ವೇರ್ ಕೆಲಸ ಬಿಟ್ಟು ಗುರಿಗೆ ಬಿದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್ ತನಕ ಹೋದರು. ನಾನೂ ಅಂದು ರಾತ್ರಿ ಮಲಗಿ ಅಲ್ಲಿಗೆ ಹೋಗಿ ಬಂದೆ!

ದೀಪಾವಳಿಗೆ ಬೆಳಕವಾಡಿಗೆ ಹೊರಟಾಗ ಪಿಸ್ತೂಲು ಬ್ಯಾಗಿನಲ್ಲಿತ್ತು. ಅಪ್ಪನಿಗೆ ತೋರಿಸಬೇಕಿತ್ತಲ್ಲ.

ಅಪ್ಪ ಹಿಡಿದು, ತಿರುಗಿಸಿ, ಕೇಳಿದ್ದು ಒಂದೇ ಪ್ರಶ್ನೆ. “ಹಂದಿ ಬೀಳ್ತದಾ?” ಕಬ್ಬಿನ ಗದ್ದೆಗೆ ಹಂದಿ ನುಗ್ಗೋ ಊರಲ್ಲಿ ಇದು ನ್ಯಾಯವಾದ ಪ್ರಶ್ನೆಯೇ. “ಇಲ್ಲಪ್ಪ, ಇದು ಕಾಗದ ತೂತು ಮಾಡೋಕೆ ಮಾತ್ರ” ಅಂದೆ. “ಲೈಸೆನ್ಸು?” “ಬೇಡ. 4.5 ಮಿಲಿಮೀಟರಿನೊಳಗಿನ ಗುಂಡು, 20 ಜೂಲ್ ಒಳಗಿನ ಶಕ್ತಿ ಇದ್ದರೆ ಲೈಸೆನ್ಸ್ ಬೇಡ.” ಪಕ್ಕದಲ್ಲಿದ್ದ ಚಿಕ್ಕಪ್ಪನ ಮಗ “ಸ್ಪ್ರಿಂಗ್ ಗಿಂಗ್ ಬದಲಾಯ್ಸಿ ಪವರ್ ಜಾಸ್ತಿ ಮಾಡ್ಸಣ್ಣ, ಕೊಕ್ಕರೆಗಾದ್ರೂ ಆಯ್ತದೆ” ಅಂದ. ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಜನ ಹಕ್ಕಿಗಳನ್ನ ಮನೆಮಕ್ಕಳ ಥರ ನೋಡ್ಕೋತಾರೆ, ಇವನು ನೋಡಿದ್ರೆ ಹಿಂಗೆ. ಹಕ್ಕಿ ಹೊಡೆದ್ರೆ ವನ್ಯಜೀವಿ ಕಾಯ್ದೆಯಲ್ಲಿ ಒಳಗೆ ಹಾಕ್ತಾರೆ ಅಂತ ಅವನಿಗೆ ದೊಡ್ಡ ಭಾಷಣ ಮಾಡಿದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಹಕ್ಕಿ, ಪ್ರಾಣಿ ಉಳಿಸೋಕೆ ಅಂತಲೇ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯ್ತು, ಜನ ತಾವಾಗೇ ತಂದು ಕೊಟ್ಟರು ಅಂತಲೂ ಹೇಳಿದೆ. ನಾನೊಬ್ಬ ಜವಾಬ್ದಾರಿಯುತ ಮನುಷ್ಯ ಅಂತ ಎಲ್ಲರೂ ಒಪ್ಪಿಕೊಂಡ ಹಾಗಿತ್ತು.

ಹಿತ್ತಿಲಲ್ಲಿ ಹಳೇ ಬಟ್ಟೆ ತುರುಕಿದ ರಟ್ಟಿನ ಪೆಟ್ಟಿಗೆಗೆ ಗುರಿಹಾಳೆ ಅಂಟಿಸಿ, ಅಪ್ಪನಿಗೆ ಹತ್ತು ಗುಂಡು ಹೊಡೆದು ತೋರಿಸಿದೆ. ಹನ್ನೊಂದನೆಯದಕ್ಕೆ ಗಾಳಿ ತುಂಬಿ, ಪೆಲೆಟ್ ಹಾಕಿದ್ದೆ. ಫೋನು ಬಂತು. ಆಫೀಸು. ಹಬ್ಬದ ದಿನವೇ ಏನೋ ಕೆಟ್ಟು ನಿಂತಿತ್ತು. ಸಿಗ್ನಲ್ ಸಿಗೋದು ಬೀದಿಬಾಗಿಲಲ್ಲಿ ಮಾತ್ರ. ಪಿಸ್ತೂಲನ್ನು ಹಿತ್ತಿಲ ಜಗಲಿ ಮೇಲಿಟ್ಟು ಓಡಿದೆ.

ಅಕ್ಕನ ಮಗನಿಗೆ ಏಳು ವರ್ಷ. ಬೆಳಿಗ್ಗೆಯಿಂದ ಕೇಪಿನ ಪಿಸ್ತೂಲು ಹಿಡಿದು ಊರೆಲ್ಲ ಸುತ್ತಿ, ಕೇಪು ಮುಗಿದು, ಹಿತ್ತಿಲಿಗೆ ಬಂದಿದ್ದ. ಅವನದ್ದೂ ಕಪ್ಪು, ನನ್ನದೂ ಕಪ್ಪು. “ತಾತ, ಹ್ಯಾಂಡ್ಸಪ್!” ಅಂದಿದ್ದು ನನಗೆ ಬೀದಿಬಾಗಿಲಿಗೇ ಕೇಳಿಸಿತು. ಅಪ್ಪ ನಗ್ತಾ ಎರಡೂ ಕೈ ಎತ್ತಿದ್ದನಂತೆ, ಸಿನಿಮಾದ ಥರ.

ಟಪ್ ಅಂತ ಸಣ್ಣ ಸದ್ದು. ಕೇಪಿನಷ್ಟೂ ಜೋರಿಲ್ಲ.

ಓಡಿ ಬಂದಾಗ ಅಪ್ಪ ಕೈ ಎತ್ತಿಕೊಂಡೇ ನಿಂತಿದ್ದ. ಅವನ ಎಡಗಿವಿಯಿಂದ ಒಂದು ಗೇಣು ಆಚೆ ಗೋಡೆಯ ಗಾರೆ ಕಿತ್ತು ಬಂದಿತ್ತು. ಹುಡುಗ ಪಿಸ್ತೂಲು ಕೆಳಗೆ ಹಾಕಿ ಅಳೋಕೆ ಶುರು ಮಾಡಿದ್ದ. ಅಕ್ಕ ಅವನ ಬೆನ್ನಿಗೆ ಎರಡು ಬಿಟ್ಟಳು. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿ, ನನ್ನ ಕಡೆ ನೋಡಿದ. “ಅದ್ನ ಯಾಕೆ ಹೊಡೀತೀಯವ್ವ. ತುಂಬಿ ಮಡಗಿದ್ದು ಅದಾ?”

ಅಷ್ಟೇ. ಆಮೇಲೆ ಇಡೀ ದಿನ ಆ ವಿಷಯ ಎತ್ತಲಿಲ್ಲ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಲೆಯಲ್ಲಿ ಆ ಸಕ್ಕರೆ ಪೊಟ್ಟಣವೇ ನೇತಾಡ್ತಿತ್ತು. ಅರ್ಧ ಕೆಜಿ ಎಳೆಯೋ ಶಕ್ತಿ ಏಳು ವರ್ಷದ ಬೆರಳಿಗೆ ಧಾರಾಳವಾಗಿ ಇದೆ. ಒಂದು ಕೆಜಿ ಇದ್ದಿದ್ದರೂ ಎಳೀತಿದ್ದನೋ ಏನೋ, ಅದನ್ನ ನೆಪ ಮಾಡ್ಕೊಳ್ಳಲ್ಲ. ಆದರೆ ಟ್ರಿಗರ್ ಹಗುರ ಮಾಡೋಕೆ ಒಂದು ಶನಿವಾರ ಇಡೀ ರಾತ್ರಿ ಕೊಟ್ಟ ನಾನು, ಅದನ್ನು ಎಲ್ಲಿಡಬೇಕು ಅಂತ ಯೋಚಿಸೋಕೆ ಐದು ನಿಮಿಷ ಕೊಟ್ಟಿರಲಿಲ್ಲ. ಪೆಟ್ಟಿಗೆಗೊಂದು ಬೀಗ ಕೂಡ ಇರಲಿಲ್ಲ. ಲೈಸೆನ್ಸ್ ಬೇಡ ಅನ್ನೋದನ್ನ ಅಪಾಯ ಇಲ್ಲ ಅಂತ ಓದಿಕೊಂಡಿದ್ದೆ.

ರೇಂಜಿನಲ್ಲಿ ಪ್ರತಿ ಪಿಸ್ತೂಲಿಗೂ ಒಂದು ಎದ್ದು ಕಾಣೋ ದಾರ ಪೋಣಿಸಿರ್ತಾರೆ. ಗುಂಡು ಕೂರೋ ಜಾಗದಿಂದ ನಳಿಕೆ ತುದಿವರೆಗೂ ಹಾಯ್ದು ಹೊರಗೆ ಇಣುಕ್ತಿರುತ್ತೆ. ದಾರ ಕಾಣ್ತಿದೆ ಅಂದ್ರೆ ಒಳಗೆ ಗುಂಡಿಲ್ಲ ಅಂತ ಯಾರು ಬೇಕಾದರೂ ದೂರದಿಂದಲೇ ಹೇಳಬಹುದು. ನಾನು ಕ್ಲಬ್ಬಿನ ದಾರ ಬಳಸಿ, ಬರುವಾಗ ಅಲ್ಲೇ ಬಿಟ್ಟು ಬರ್ತಿದ್ದೆ. ಮನೆಯಲ್ಲಿ ಯಾರಿದ್ದಾರೆ ಕೇಳೋಕೆ ಅಂತ.

ಮಾರನೇ ದಿನ ಅಪ್ಪನಿಗೆ ಇದನ್ನ ಹೇಳಿದೆ. ಅವನು ಎದ್ದು ಹೋಗಿ, ಕಳೆ ಕೊಚ್ಚೋ ಮೆಷಿನ್ನಿನ ಕಿತ್ತಳೆ ಬಣ್ಣದ ನೈಲಾನ್ ದಾರದ ಸುರುಳಿ ತಂದು, ಒಂದು ಮೊಳ ಕತ್ತರಿಸಿ ಕೊಟ್ಟ. ಅಳತೆ ಮಾಡಿ ಮಾಡಿಸಿದ ಹಾಗೆ ನಳಿಕೆಯಲ್ಲಿ ಕೂತಿತು.

ಈಗ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿದೆ, ಪೆಲೆಟ್ ಬೇರೆ ಕಪಾಟಿನಲ್ಲಿದೆ, ರೇಂಜು ಬಿಟ್ಟು ಬೇರೆಲ್ಲೂ ಹೋಗಲ್ಲ. ನೀವೂ ಒಂದು ತಗೋಬೇಕು ಅಂತಿದ್ರೆ ಖಂಡಿತ ತಗೊಳ್ಳಿ, ಚಂದದ ಆಟ. ಪೆಲೆಟ್ಟಿಗೂ ಮುಂಚೆ ಬೀಗಕ್ಕೆ ದುಡ್ಡು ಹಾಕಿ. ದಾರ ಬೇಕಿದ್ರೆ ನಮ್ಮೂರಿಂದ ತರಿಸಿಕೊಡ್ತೀನಿ. ಈ ಯುಗಾದಿಗೆ ಮನೆಗೆ ಸುಣ್ಣ ಬಳಿಸಿದಾಗ ಅಪ್ಪ ಆ ಗೋಡೆಯ ತೂತೊಂದನ್ನು ಮಾತ್ರ ಮುಚ್ಚಿಸಿಲ್ಲ. ಯಾಕೆ ಅಂತ ನಾನೂ ಕೇಳಿಲ್ಲ.