ಯಜ್ಡಿಯ ಹಿಂದಿನ ಸೀಟು

ನಮ್ಮ ದೇಶದಲ್ಲಿ ಮೋಟಾರ್ ಸೈಕಲ್ಲಿಗೆ 15 ವರ್ಷ ತುಂಬುವ ತನಕ ಅದು ಗಾಡಿ. 50 ದಾಟಿತೆಂದರೆ ವಿಂಟೇಜ್. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ನಿಯಮವನ್ನೇ ಮಾಡಿತು: 20,000 ರೂಪಾಯಿ ಕಟ್ಟಿದರೆ ಹೊಸ ನಂಬರು, ನಂಬರಿನ ನಡುವೆ ‘ವಿಎ’ ಎಂಬ ಎರಡಕ್ಷರದ ಬಿರುದು. ಹದಿನೈದಕ್ಕೂ ಐವತ್ತಕ್ಕೂ ನಡುವೆ ಸಿಕ್ಕಿಕೊಂಡ ಗಾಡಿಗೆ ಏನನ್ನಬೇಕೆಂದು ಸರ್ಕಾರ ಹೇಳಿಲ್ಲ. ಬೈಲಹೊಂಗಲದಲ್ಲಿ ಅದಕ್ಕೆ ಮೋಡಕಾ, ಅಂದರೆ ಗುಜರಿ, ಅಂತಾರೆ. ನನ್ನ ಯಜ್ಡಿ 1991ರದು. ಬಿರುದು ಬರಬೇಕಾದರೆ 2041ರ ತನಕ ಕಾಯಬೇಕು. ಗಾಡಿ ಕಾದೀತು. ನನ್ನ ಬಗ್ಗೆ ನಾನು ಯಾವ ಭರವಸೆಯನ್ನೂ ಕೊಡಲಾರೆ.

ಇದು ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ. ಚೆಕೊಸ್ಲೊವಾಕಿಯಾದ ಜಾವಾವನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಇಲ್ಲಿಯೇ ಮಾಡತೊಡಗಿತು. ಮುಂದೆ 1973ರಲ್ಲಿ ಅದರ ಹೆಸರು ಯಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿತು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಹೊರಳಿಸಿದರೆ ಅದೇ ಗೇರಿನ ಕೋಲು ಆಗುತ್ತದೆ. ಇದು ಗೊತ್ತಿಲ್ಲದ ಹುಡುಗರು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ ಗೇರು ಹುಡುಕುವುದನ್ನು ಕಟ್ಟೆಯ ಮೇಲೆ ಕೂತು ನೋಡುವುದು ನನ್ನ ನಿವೃತ್ತಿ ಜೀವನದ ಸಣ್ಣ ಸುಖಗಳಲ್ಲೊಂದು. ಹೀಗಾಗಿ ಕಳ್ಳರ ಭಯ ಇಲ್ಲ. ಕದ್ದವನು ಮೊದಲು ನನ್ನ ಹತ್ತಿರವೇ ಕಲಿಯಲು ಬರಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಲ ಮಾಡಿ ಕೊಂಡದ್ದು. ಹೆಂಡತಿಯ ತವರು ರಾಮದುರ್ಗ, ನೇಕಾರರ ಮನೆ. ಸವದತ್ತಿ ದಾಟಿ, ಎರಿ ಹೊಲಗಳ ನಡುವಿನ ರಸ್ತೆಯಲ್ಲಿ ನಾವಿಬ್ಬರೂ ಹೋಗುತ್ತಿದ್ದೆವು. ಎರಡು ಸೈಲೆನ್ಸರಿನ ಸದ್ದು ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ಮಾವನವರು ಮಗ್ಗ ನಿಲ್ಲಿಸಿ, ‘ಅಳಿಯಂದಿರು ಬಂದ್ರು, ಚಾಕ್ಕ ಇಡ್ರಿ’ ಅನ್ನುತ್ತಿದ್ದರಂತೆ. ನಾನು ಮನೆ ಮುಟ್ಟುವುದಕ್ಕೂ ಚಹಾ ಕುದಿಯುವುದಕ್ಕೂ ಸರಿ ಹೋಗುತ್ತಿತ್ತು. ಈಗ ಮಾವನವರಿಲ್ಲ, ಮಗ್ಗವೂ ಇಲ್ಲ. ಆ ಮನೆಯ ಚಹಾದ ಲೆಕ್ಕವೂ ತಪ್ಪಿದೆ, ಮೊದಲು ಫೋನ್ ಮಾಡಿ ಹೋಗಬೇಕು.

ಆ ಕಾಲದಲ್ಲಿ ವಿಮೆ ಮಾಡಿಸುವುದೂ ಒಂದು ಭೇಟಿಯೇ. ಏಜೆಂಟರು ವರ್ಷಕ್ಕೊಮ್ಮೆ ಸೈಕಲ್ಲಿನ ಮೇಲೆ ಮನೆಗೆ ಬರುತ್ತಿದ್ದರು. ಚೀಲದಿಂದ ಕಾರ್ಬನ್ ಹಾಳೆ ತೆಗೆದು, ಮೊಣಕಾಲ ಮೇಲೆ ಪುಸ್ತಕ ಇಟ್ಟು, ಒತ್ತಿ ಒತ್ತಿ ಬರೆಯುತ್ತಿದ್ದರು. ಚಹಾ, ಚುರಮುರಿ, ಮಕ್ಕಳ ಓದು, ಮಳೆ, ಹತ್ತಿಯ ರೇಟು ಎಲ್ಲ ಮುಗಿದ ಮೇಲೆ ವಿಮೆಯ ಮಾತು. ಈಗ ಅವರ ಮಗ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಹುಡುಗ, ಆದರೆ ಕಣ್ಣು ಮೊಬೈಲ್ ಬಿಟ್ಟು ಮೇಲೇಳುವುದಿಲ್ಲ.

‘ಕಾಕಾ, ಇದಕ್ಕ ಫುಲ್ ಇನ್ಶೂರೆನ್ಸ್ ಯಾವ ಕಂಪನಿನೂ ಒಪ್ಪಂಗಿಲ್ರಿ. ಥರ್ಡ್ ಪಾರ್ಟಿ ಅಷ್ಟ.’

‘ಯಾಕೋ, ಗಾಡಿ ಗಟ್ಟಿ ಐತಲ್ಲ?’

‘ಗಾಡಿ ಗಟ್ಟಿ ಐತ್ರಿ. ಕಂಪ್ಯೂಟರ್‌ದಾಗ ಅದಕ್ಕ ಕಿಮ್ಮತ್ತಿಲ್ರಿ.’

ಅವನು ಹೇಳಿದ್ದು ಸುಳ್ಳಲ್ಲ. ವಿಮೆಯವರು ಗಾಡಿಯ ಬೆಲೆಯನ್ನು ವರ್ಷ ಕಳೆದಂತೆ ಕಡಿಯುತ್ತಾ ಬರುತ್ತಾರೆ. ಷೋರೂಮಿನಿಂದ ಹೊರಗೆ ಬಂದ ಆರು ತಿಂಗಳೊಳಗೇ ನೂರಕ್ಕೆ 5 ಕಡಿತ, ನಾಲ್ಕರಿಂದ ಐದನೇ ವರ್ಷಕ್ಕೆ ಬರುವಷ್ಟರಲ್ಲಿ ಅರ್ಧ ಮಾಯ. ಐದು ವರ್ಷ ದಾಟಿದ ಮೇಲೆ ಪಟ್ಟಿಯೇ ಮುಗಿದುಹೋಗುತ್ತದೆ. ಆಮೇಲಿನ ಬೆಲೆಯನ್ನು ಮಾಲೀಕನೂ ಕಂಪನಿಯೂ ಕೂಡಿ ಒಪ್ಪಿಕೊಳ್ಳಬೇಕು. ಕೇಳಲು ಚೆಂದ, ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಕೂತು ಮಾತಾಡಿದ ಹಾಗೆ. ಆದರೆ ಇಲ್ಲಿ ಒಂದು ಕಡೆಯವರು ಕೂರುವುದಕ್ಕೇ ಬರುವುದಿಲ್ಲ. ತಮಾಷೆಯೆಂದರೆ ಇದೇ ಗಾಡಿಯನ್ನು ಕಂಡು ಬೆಳಗಾವಿಯ ಕಾಲೇಜು ಹುಡುಗನೊಬ್ಬ ನನ್ನ ಮನೆ ಮುಂದೆ ನಿಂತು, ‘ಅಂಕಲ್, ಎಷ್ಟಕ್ಕ ಕೊಡ್ತೀರಿ ಹೇಳ್ರಿ’ ಎಂದು ಕೈಮುಗಿಯುತ್ತಾನೆ. ಜುಲೈ ತಿಂಗಳ ಎರಡನೇ ಭಾನುವಾರ ಊರೂರಲ್ಲಿ ಜಾವಾ–ಯಜ್ಡಿ ಪ್ರಿಯರು ಗಾಡಿ ತೊಳೆದು ಮೆರವಣಿಗೆ ಮಾಡುತ್ತಾರೆ. ಮೆರವಣಿಗೆಯಲ್ಲಿ ದೇವರು, ಕಚೇರಿಯಲ್ಲಿ ಮೋಡಕಾ.

ಥರ್ಡ್ ಪಾರ್ಟಿ ಮಾತ್ರ ವಯಸ್ಸು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಎಂಜಿನ್ನಿನ ಸಿಸಿ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 75 ಸಿಸಿಗಿಂತ ಮೇಲೆ 150ರವರೆಗೆ ವರ್ಷಕ್ಕೆ 714 ರೂಪಾಯಿ, 150 ದಾಟಿ 350ರವರೆಗೆ 1,366, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ನನ್ನ ಯಜ್ಡಿಯದು 250ಕ್ಕೆ ಒಂದೂವರೆ ಕಡಿಮೆ. ಹೀಗಾಗಿ ನಮ್ಮ ಪಕ್ಕದ ಮನೆಯ ಸ್ಪ್ಲೆಂಡರ್ 843 ರೂಪಾಯಿಗೆ ಪಾರಾದರೆ ನಾನು 1,612 ಎಣಿಸಬೇಕು. ಆ ಸ್ಪ್ಲೆಂಡರ್ ನನ್ನನ್ನು ದಿನಾ ಹಿಂದೆ ಹಾಕಿ ಹೋಗುತ್ತದೆ. 350ರ ಬುಲೆಟ್‌ಗೂ ನನಗೂ ಒಂದೇ ದರ. ಇದರಲ್ಲಿ ನನಗೆ ಸಣ್ಣ ಹೆಮ್ಮೆಯೂ ಇದೆ ಎಂದು ಹೆಂಡತಿಗೆ ಹೇಳಿದೆ. ‘ಹೆಮ್ಮಿಗೂ ಜಿಎಸ್‌ಟಿ ಕಟ್ಟೀರಲ್ಲ’ ಅಂದಳು.

ಅಗ್ಗದ ವಿಮೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ನಮ್ಮ ಸೀಮೆಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದು ಊರಿನ ಹೆಸರಿದೆ. ಬೈಲಹೊಂಗಲದವರು ಕಿತ್ತೂರಿಗೆ ಹೋಗ್ರಿ ಅಂದರು, ಹೆದ್ದಾರಿ ಊರು, ಪೈಪೋಟಿ ಜಾಸ್ತಿ ಅಂತ. ಕಿತ್ತೂರಿನ ಆನ್‌ಲೈನ್ ಸೆಂಟರಿನ ಹುಡುಗ ನನ್ನ ಗಾಡಿಯ ನಂಬರು ಹೊಡೆದು ಬಹಳ ಹೊತ್ತು ಪರದೆಯನ್ನೇ ನೋಡಿದ. 2022ರಲ್ಲಿ ಯಜ್ಡಿ ಹೆಸರು ಹೊಸ ಕಂಪನಿಯ ಕೈಯಲ್ಲಿ ಮರುಹುಟ್ಟು ಪಡೆದಿದೆ. ಪಟ್ಟಿಯಲ್ಲಿ ಇದ್ದದ್ದೆಲ್ಲ ಆ ಹೊಸವೇ, 334 ಸಿಸಿಯವು. ಹಳೆಯದು ಇಲ್ಲವೇ ಇಲ್ಲ. ‘ಸರ, ಇದನ್ನ ಹೊಸಾದು ಅಂತ ಹಾಕ್ಲೇನ್ರಿ?’ ಅಂದ. ಮೂವತ್ತು ವರ್ಷಗಳಲ್ಲಿ ನನ್ನ ಗಾಡಿಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಮುಂದಿನ ಕಾಲಂ ನಾಮಿನಿ. ‘ಯಾರನ್ನ ಬರೀಲ್ರಿ, ಮಕ್ಕಳನ್ನೋ, ಮನಿಯವರನ್ನೋ?’ ನಾನು ನಕ್ಕುಬಿಟ್ಟೆ. ಅವನಿಗೆ ಅರ್ಥವಾಗಲಿಲ್ಲ. 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ಕಿತ್ತೂರಿನ ದೇಸಾಯಿಯ ದತ್ತಕವನ್ನು ಬ್ರಿಟಿಷರ ಥ್ಯಾಕರೆ ಸಾಹೇಬ ಒಪ್ಪಲಿಲ್ಲ. ಅಕ್ಟೋಬರ್ 23ರ ಯುದ್ಧದಲ್ಲಿ ಸಾಹೇಬ ಪ್ರಾಣ ಬಿಟ್ಟ. ಆ ಮೇಲಿನದನ್ನೆಲ್ಲ ಅನುಭವಿಸಿದ ಚೆನ್ನಮ್ಮ ನಮ್ಮ ಬೈಲಹೊಂಗಲದ ಸಮಾಧಿಯಲ್ಲಿ ಮಲಗಿದ್ದಾಳೆ. ನಾಮಿನಿ ಕಾಲಂ ತುಂಬುವಾಗ ಕಿತ್ತೂರಿನವರು ಒಂದಿಷ್ಟು ಜಾಗ್ರತೆ ವಹಿಸಬೇಕು ಎಂಬುದು ನನ್ನ ಅಭಿಪ್ರಾಯ.

ಅಲ್ಲೇ ಕೂತಿದ್ದ ಇನ್ನೊಬ್ಬರು ನನ್ನನ್ನು ಬದಿಗೆ ಕರೆದು, ‘ಐದನೂರಾಗ ಮಾಡಿಸಿಕೊಡ್ತೀನ್ರಿ’ ಅಂದರು. ಹೇಗೆ ಅಂದೆ. ‘ಸಿಸಿ ಕಡಿಮಿ ಬರದ್ರಾತು. ಪೊಲೀಸರು ಸಿಸಿ ಎಲ್ಲಿ ಅಳೀತಾರ್ರಿ?’ ಓದುಗರಿಗೆ ಇದೊಂದನ್ನು ಹೇಳಲೇಬೇಕು. ಥರ್ಡ್ ಪಾರ್ಟಿಯ ದರ ಸರ್ಕಾರ ಗೊತ್ತುಪಡಿಸಿದ್ದು, ಎಲ್ಲ ಕಂಪನಿಯಲ್ಲೂ ಒಂದೇ. ಅದಕ್ಕಿಂತ ಅಗ್ಗಕ್ಕೆ ಕೊಡುತ್ತೇನೆ ಅನ್ನುವವನು ಕಾಗದ ಕೊಡುತ್ತಾನೆ, ವಿಮೆ ಕೊಡುವುದಿಲ್ಲ. ಪೊಲೀಸರು ಸಿಸಿ ಅಳೆಯದಿರಬಹುದು, ಅಪಘಾತವಾದ ಮೇಲೆ ನ್ಯಾಯಮಂಡಳಿಯ ಮುಂದೆ ಕಂಪನಿಯ ವಕೀಲರು ಅಳೆಯುತ್ತಾರೆ. ಕೊಂಡ ಪಾಲಿಸಿ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಕಾಣಿಸುತ್ತದೋ ಇಲ್ಲವೋ ನೋಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ವಿಮೆಯೇ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸಜೆ, ಎರಡೂ ಆದೀತು. ಎರಡನೇ ಸಲಕ್ಕೆ 4,000.

ವಿಮೆಯ ಜೊತೆಗೆ ಹೊಗೆ ತಪಾಸಣೆಯ ಚೀಟಿಯೂ ಬೇಕು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಯುವ ಟೂ ಸ್ಟ್ರೋಕ್ ಗಾಡಿಯನ್ನು ಹೊಗೆ ತಪಾಸಣೆಗೆ ಒಯ್ಯುವುದು ಮುಜುಗರದ ಕೆಲಸ. ಮಿಸ್ತ್ರಿ ಹಿಂದಿನ ದಿನ ಎರಡೂ ಸೈಲೆನ್ಸರ್ ಬಿಚ್ಚಿ, ಒಳಗಿನ ಮಸಿ ತೆಗೆದು, ‘ನಾಳಿ ಮಾತ್ರ ಜೋರ ಓಡಸಬ್ಯಾಡ್ರಿ, ಸರ’ ಎಂದು ಪಥ್ಯ ಹೇಳಿ ಕಳಿಸುತ್ತಾನೆ. ಇದರ ಜೊತೆಗೆ ಐದು ವರ್ಷಕ್ಕೊಮ್ಮೆ ಪಾಸಿಂಗು. ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ಮಾಡಿದ್ದಾರೆ. ಕಳೆದ ಸಲ ಬೈಲಹೊಂಗಲದ ಆರ್‌ಟಿಒ ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಸುತ್ತ ಇದ್ದವೆಲ್ಲ ಕೆಎ 24ರ ಹೊಸ ಗಾಡಿಗಳು. ಕೆಎ 22 ಹೊತ್ತ ನನ್ನದು, ಊರಿಗೆ ಇನ್ನೂ ಆರ್‌ಟಿಒ ಬರದಿದ್ದ ಕಾಲದ್ದು ಎಂದು ತಾನೇ ಹೇಳಿಕೊಳ್ಳುತ್ತಿತ್ತು.

ಇಷ್ಟೆಲ್ಲ ಮಾಡುವುದು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಲು ಎಂದು ಅವರವ್ವ ಉತ್ತರ ಕೊಡುತ್ತಾಳೆ. ಅದು ನಿಜ. ಚಕ್ಕಡಿಗಳ ನಡುವೆ, ‘ಉಧೋ ಉಧೋ’ ಕೂಗಿನ ನಡುವೆ, ಪಡ್ಡಲಗಿ ತುಂಬಿಸುವ ಹೋಳಿಗೆ–ಕಡಬಿನ ಬುತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದೇ ಕಡೆ ಕಾಲು ಹಾಕಿ ಅವಳು ಹಿಂದೆ ಕೂರುತ್ತಿದ್ದ ಕಾಲದಿಂದ ಈ ಗಾಡಿ ಸವದತ್ತಿಯ ಏರು ಹತ್ತುತ್ತಿದೆ. ಮೊದಮೊದಲು ಭುಜ ಹಿಡಿಯಲು ನಾಚುತ್ತಿದ್ದಳು. ಮುಂದೆ ಭುಜ ಹಿಡಿದು, ಯಾವ ಹೊಂಡವನ್ನು ಹೇಗೆ ತಪ್ಪಿಸಬೇಕೆಂದು ಹೇಳತೊಡಗಿದಳು. ಈಗ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರಿನ ಟ್ರ್ಯಾಕ್ಟರು ಎದುರಿಗೆ ಬಂದರೆ ಗಾಡಿ ನಿಲ್ಲಿಸುವ ತೀರ್ಮಾನವೂ ಅವಳದೇ.

ಅವಳ ತಮ್ಮ ರಾಮದುರ್ಗದಲ್ಲಿ ವಕೀಲ. ಈ ಸಲ ಅಲ್ಲಿಗೆ ಹೋದಾಗ ಹೊಸ ಪಾಲಿಸಿಯನ್ನು ಹೆಮ್ಮೆಯಿಂದ ತೋರಿಸಿದೆ. ಎದುರಿನವನು ಸತ್ತರೆ, ಗಾಯಗೊಂಡರೆ ನ್ಯಾಯಮಂಡಳಿ ಹೇಳಿದಷ್ಟನ್ನು ಕಂಪನಿ ಕೊಡಬೇಕು, ಮಿತಿಯಿಲ್ಲ. ಅವನ ಆಸ್ತಿಗೆ ಹಾನಿಯಾದರೆ ಒಂದು ಲಕ್ಷದವರೆಗೆ. ಬೇರೆ ಕಂತು ಕಟ್ಟಿದ್ದರಿಂದ ಓಡಿಸುವ ನನಗೆ ಅಪಘಾತ ವಿಮೆ 15 ಲಕ್ಷ. ಅವನು ಕನ್ನಡಕ ಏರಿಸಿ ಓದಿದ, ತಿರುವಿ ಓದಿದ.

‘ಮಾವಾರ, ಇದರಾಗ ಅಕ್ಕಗ ಏನೂ ಇಲ್ರಿ.’

ನಾನು ನಂಬಲಿಲ್ಲ. ಅವನು ವಿವರಿಸಿದ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ದ್ವಿಚಕ್ರದ ಹಿಂದೆ ಪುಕ್ಕಟೆ ಕೂತವರಿಗೆ ಕಂಪನಿ ಹೊಣೆಯಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪ್ಯಾಕೇಜ್ ಪಾಲಿಸಿ, ನಾವು ಫುಲ್ ಇನ್ಶೂರೆನ್ಸ್ ಅನ್ನುತ್ತೇವಲ್ಲ ಅದು, ಇದ್ದರೆ ಹಿಂದಿನವರೂ ಸೇರುತ್ತಾರೆ. 2009ರಲ್ಲಿ ವಿಮಾ ಪ್ರಾಧಿಕಾರವೇ ಇದನ್ನು ಸ್ಪಷ್ಟಪಡಿಸಿದೆ. ಆದರೆ ಹಳೆ ಗಾಡಿಗೆ ಆ ಪಾಲಿಸಿ ಕೊಡುವವರು ಯಾರು? ಅಂದರೆ ಲೆಕ್ಕ ಇಷ್ಟು: ರಸ್ತೆಯಲ್ಲಿ ನಾನು ಹಿಂದೆಂದೂ ಕಾಣದ, ಹೆಸರೂ ಗೊತ್ತಿಲ್ಲದ ಮನುಷ್ಯನಿಗೆ ಬೆಲೆ ಇದೆ, ನನಗಿದೆ, ನನ್ನ ಭುಜ ಹಿಡಿದು ಕೂತವಳಿಗಿಲ್ಲ.

ಒಳಗಿನಿಂದ ಚಹಾ ತಂದವಳು ಎಲ್ಲ ಕೇಳಿಸಿಕೊಂಡಿದ್ದಳು.

‘ಪುಕ್ಕಟೆ ಕುಂತೀನಿ ಅಂದ್ರೇನೋ ತಮ್ಮಾ? ಬುತ್ತಿ ಯಾರು ಹಿಡಿದಿದ್ರು? ಹೊಂಡ ಯಾರು ತೋರಿಸಿದ್ರು? ಹೋಗಿ ಹೇಳು ನಿಮ್ಮ ಕೋರ್ಟಿಗೆ.’

ವಕೀಲರು ಚಹಾ ಕುಡಿದರು. ಪ್ರತಿವಾದಿಸಲಿಲ್ಲ.

ಊರಿಗೆ ಬಂದ ಮೇಲೆ ನಾನೂ ಹಟ ಹಿಡಿದೆ. ಗಾಡಿಯ ಬೆಲೆ ಹತ್ತೇ ಸಾವಿರ ಅಂತ ಹಾಕಿರಿ, ಬೇಕಾದರೆ ಐದೇ ಹಾಕಿರಿ, ಗಾಡಿಗೆ ಬಿದ್ದ ಪೆಟ್ಟಿಗೆ ಒಂದು ರೂಪಾಯಿ ಕೇಳುವುದಿಲ್ಲ, ಪ್ಯಾಕೇಜ್ ಮಾತ್ರ ಕೊಡಿರಿ ಎಂದು ಕಚೇರಿಯಿಂದ ಕಚೇರಿಗೆ ಹೋದೆ. ಒಂದು ಕಡೆ ಸಾಹೇಬರು ಹೊರಗೆ ಬಂದು, ಗಾಡಿಯ ಫೋಟೋ ತೆಗೆದು, ತಮ್ಮ ತಂದೆಯವರ ಹತ್ತಿರವೂ ಇಂಥದ್ದೊಂದು ಇತ್ತು ಎಂದು ಬಹಳ ಹೊತ್ತು ಮಾತಾಡಿದರು. ಕಿಕ್ ಹೊಡೆದೂ ನೋಡಿದರು. ಪಾಲಿಸಿ ಕೊಡಲಿಲ್ಲ. ಮೇಲಿನವರು ಒಪ್ಪುವುದಿಲ್ಲವಂತೆ. ಆ ಫೋಟೋ ಈಗ ಅವರ ವಾಟ್ಸಾಪ್‌ನಲ್ಲಿದೆ.

ಕೊನೆಗೆ ದಾರಿ ಸಿಕ್ಕಿದ್ದು ಬ್ಯಾಂಕಿನಲ್ಲಿ, ಹೆಂಡತಿಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಹೋದಾಗ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ಮೊದಲು ವರ್ಷಕ್ಕೆ 12 ರೂಪಾಯಿ, 2022ರ ಜೂನ್‌ನಿಂದ 20. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಯಾವ ಗಾಡಿ, ಎಷ್ಟು ಸಿಸಿ, ಯಾವ ಇಸವಿ, ಮುಂದೆ ಕೂತಿದ್ದರೋ ಹಿಂದೆಯೋ, ಏನನ್ನೂ ಕೇಳುವುದಿಲ್ಲ. ಎರಡು ಲಕ್ಷ ದೊಡ್ಡ ದುಡ್ಡಲ್ಲ, ಗೊತ್ತು. ಅವಳ ಮುಂದೆ ಆ ಮೊತ್ತವನ್ನು ಹೇಳಲು ನನಗೆ ಬಾಯಿಯೇ ಬರಲಿಲ್ಲ. ಆದರೂ ಶೂನ್ಯಕ್ಕಿಂತ ಮೇಲು. ಅರ್ಜಿಯಲ್ಲಿ ನಾಮಿನಿಯ ಕಾಲಂ ತುಂಬುವಾಗ ಅವಳು ನನ್ನ ಹೆಸರು ಬರೆಸಿ, ‘ದುಡ್ಡು ಬಂದ್ರ ಮದಲ ಈ ಗಾಡಿ ಮಾರ್ರಿ’ ಅಂದಳು.

ಹಳೆ ಗಾಡಿ ಇಟ್ಟುಕೊಂಡ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನನ್ನ ಸಮವಯಸ್ಕರಲ್ಲಿ ಒಂದು ಬೇಡಿಕೆ. ಇವತ್ತು ಮನೆಗೆ ಹೋಗಿ ನಿಮ್ಮ ಪಾಲಿಸಿ ತೆಗೆದು ನೋಡಿರಿ. ಅದು ಬರೀ ಥರ್ಡ್ ಪಾರ್ಟಿಯಾಗಿದ್ದರೆ ಹಿಂದೆ ಕೂರುವವರಿಗೆ ಅದರಲ್ಲಿ ಏನೂ ಇಲ್ಲ. ಐದಾರು ವರ್ಷದ ಗಾಡಿಯಾದರೆ ಪ್ಯಾಕೇಜ್ ಇನ್ನೂ ಸಿಗುತ್ತದೆ, ಬಿಡಬೇಡಿರಿ. ಸಿಗದಿದ್ದರೆ, ಹಿಂದೆ ಕೂರುವವರಿಗೆ 70 ತುಂಬುವ ತನಕ ಬ್ಯಾಂಕಿನ ಆ ಯೋಜನೆ ಇದೆ. ಅದರ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಮೇ ತಿಂಗಳ ಕೊನೆಗೆ ಅವರ ಖಾತೆಯಲ್ಲಿ 20 ರೂಪಾಯಿ ಇರುವಂತೆ ನೋಡಿಕೊಳ್ಳಿರಿ.